ಆದರಿ ಎತ್ತಿಟ್ಟ ಬಿಳಿ ಅರಗು

ನಮ್ಮ ಬಲರಾಂಪುರದ ಶೆಡ್ಡಿನಲ್ಲಿ ಕೆಂಪು ಅರಗನ್ನು ಬಿಳಿ ಮಾಡುತ್ತಲೇ ಆದರಿ ಮಾಹಾತೋ ಮುದುಕಿಯಾದಳು. ಸೋಡಾ ನೀರಲ್ಲಿ ಕರಗಿಸಿದ ಅರಗಿಗೆ ಬಿಳುಪಿನ ನೀರು ಹಾಕಿ, ಆಮೇಲೆ ಆಸಿಡ್ ಬಿಟ್ಟು, ಒಡೆದ ಹಾಲಿನಂತೆ ಬಂದದ್ದನ್ನು ತೊಳೆಯುವುದು. ಮತ್ತೆ ತೊಳೆಯುವುದು. ಪಕ್ಕದ ತೊಟ್ಟಿ ನನ್ನದು. ಸಂಜೆಗೆ ಇಬ್ಬರ ಕೈಯೂ ಸುಲಿದಿರುತ್ತಿತ್ತು. ಕೆಮ್ಮು ಮಾತ್ರ ಅವಳದೇ ಜೋರು.

"ಇಷ್ಟು ಬೆಳ್ಳಗೆ ಮಾಡಿ ಯಾರಿಗೆ ಕಳಿಸ್ತಾರೆ ಕಣೇ?" ಎಂದು ಒಮ್ಮೆ ಕೇಳಿದಳು.

"ಚಿತ್ರ ಬರೆಯೋರಿಗಂತೆ. ಮೇಲೆ ಬಳಿದ್ರೆ ಬಣ್ಣ ಕೆಡಲ್ವಂತೆ."

"ನನ್ನ ಬಣ್ಣ ಕೆಡಿಸಿ ಯಾರದೋ ಬಣ್ಣ ಉಳಿಸೋದು. ಚೆನ್ನಾಗಿದೆ!"

ಅವಳ ಗಂಡ ಲಖೀಂದರ ಚೈತ್ರ ಬಂತೆಂದರೆ ಮುಖವಾಡ ಕಟ್ಟಿ ಕುಣಿಯುವ ಛೌ ಕುಣಿತದಲ್ಲಿ ಶಿವ. ಅಂಗಡಿಯ ವಾರ್ನಿಷ್ ಬಳಿದ ಮುಖವಾಡ ವರ್ಷದೊಳಗೆ ಹಳದಿಗಟ್ಟುತ್ತಿತ್ತು. ತನ್ನ ಕೈಯ ಅರಗು ಒಂದೇ ಒಂದು ಸಲ ಅವನ ಮುಖದ ಮೇಲೆ ಹೊಳೆಯಬೇಕೆಂಬುದು ಅವಳ ಆಸೆ. ಬೇರೆ ಆಸೆ ಅವಳ ಬಾಯಲ್ಲಿ ನಾನು ಕೇಳಿಲ್ಲ. ಹೋದ ವರ್ಷ ಶೆಡ್ಡಿನ ಲೆಕ್ಕ ನೋಡುವ ಮುನ್ಷಿಯನ್ನು ಕಾಡಿ ಒಂದು ಹಿಡಿ ಬಿಳಿ ಅರಗು ತಂದಳು. ಆ ಸಲ ಲಖೀಂದರನಿಗೆ ಜ್ವರ ಬಂದು ಕುಣಿತ ತಪ್ಪಿತು. ಅರಗನ್ನು ಡಬ್ಬಿಗೆ ತುಂಬಿ ಮನೆಯ ತಗಡಿನ ಮಾಡಿನ ಕೆಳಗೆ ಎತ್ತಿಟ್ಟಳು.

ಕೆಂಪು ಅರಗು ವರ್ಷಗಟ್ಟಲೆ ಬಾಳುತ್ತದೆ. ಬಿಳಿಯದು ಒಂದು ಬೇಸಿಗೆಯ ಸೆಕೆ ತಡೆಯುವುದಿಲ್ಲ. ಹೊಸಬರಿಗೆಲ್ಲ ಇದನ್ನು ಗದರಿ ಕಲಿಸಿದವಳು ಆದರಿಯೇ. ಊರಿಗೆಲ್ಲ ಶಕುನ ಹೇಳಿದ ಹಲ್ಲಿ ತಾನೇ ಬಾನಿಯೊಳಗೆ ಬಿತ್ತು.

ಈ ವರ್ಷ ಮಂಡಿ ಸೋತ ಲಖೀಂದರ "ಇದೇ ಕೊನೇ ಕುಣಿತ" ಎಂದ. ಅಷ್ಟರಲ್ಲಿ ಶೆಡ್ಡಿಗೆ ಬೀಗ ಬಿದ್ದಿತ್ತು. ಹೊಸ ಅರಗು ಎಲ್ಲಿಂದ ಬರಬೇಕು? ಚಡಿದಾ ಊರಲ್ಲಿ ಮುಖವಾಡ ಮಾಡುವ ನಕುಲ ಸೂತ್ರಧರನ ಬಳಿಗೆ ಅವಳು ಆ ಡಬ್ಬಿಯನ್ನೇ ಒಯ್ದಳು. ಜೊತೆಗೆ ನಾನೂ ಹೋದೆ. ನಕುಲ ಅದನ್ನು ಸ್ಪಿರಿಟ್ಟಿಗೆ ಹಾಕಿ ಕಲಕಿದ. ಕರಗಲಿಲ್ಲ. ನೆನೆದ ಸಾಬಕ್ಕಿಯಂತೆ ಉಬ್ಬಿ ತಳದಲ್ಲೇ ಕೂತಿತು.

"ಇದು ಸತ್ತೋಗಿದೆ ಅತ್ತಿಗೆ."

"ಇನ್ನೊಂದ್ಸಲ ಕಲಕು."

"ಕಲಕಿದ್ರೆ ಸತ್ತೋನು ಎದ್ದು ಕೂರ್ತಾನಾ?"

ಆದರಿ ಜಗಲಿಯ ಮೇಲೆ ಕುಸಿದಳು. "ಗೊತ್ತಿತ್ತು ಕಣೇ," ಎಂದಳು ನನಗೆ. "ಶೆಡ್ಡು ಇದ್ದಾಗಲೇ ಹೊಸದು ಕೇಳಬಹುದಿತ್ತು. ಮತ್ತೆ ಆ ಮುನ್ಷಿ ಮುಂದೆ ಹಲ್ಲು ಗಿಂಜೋಕೆ ಸುಸ್ತು. ನಾಳೆ, ನಾಳೆ ಅಂದೆ." ಆಮೇಲೆ ನಕುಲನಿಗೆ, "ಅಂಗಡೀದೇ ಬಳಿದುಬಿಡಪ್ಪ" ಎಂದಳು.

ಮುಖವಾಡ ಒಯ್ಯಲು ಬಂದ ಲಖೀಂದರ ಅಂಗಡಿಯ ವಾರ್ನಿಷ್ ಬಳಿಯಗೊಡಲಿಲ್ಲವಂತೆ. ಮೇಲೆ ಏನೂ ಬಳಿಯದ ಹಸಿ ಬಣ್ಣದ ಮುಖವಾಡವನ್ನೇ ಕಟ್ಟಿಕೊಂಡು ರಾತ್ರಿಯೆಲ್ಲ ಕುಣಿದ. ಬೆಳಿಗ್ಗೆ ಮನೆಗೆ ಬಂದಾಗ ಮುಖವಾಡದ ಬಿಳುಪೆಲ್ಲ ಬೆವರು, ಇಬ್ಬನಿಯಲ್ಲಿ ಇಳಿದು ಅವನ ಕುತ್ತಿಗೆ, ಎದೆಯ ಮೇಲಿತ್ತು.

"ಅಂಗಡೀದು ಹಚ್ಚಿಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಆದರಿ ಕಿರುಚಿದಳು.

"ಈ ಸಲದ ಹೊಳಪು ನನ್ನ ಹೆಂಡತಿ ಮಾಡಿದ್ದು ಅಂತ ಊರಿಗೆಲ್ಲ ಹೇಳಿಬಿಟ್ಟಿದ್ದೆ. ಬೇರೇದು ಹೆಂಗೆ ಹಚ್ಚಲಿ?"

"ಜನ ನಕ್ಕರಾ?"

"ನಕ್ಕರು."

ಅವಳು ಸೆರಗು ಒದ್ದೆ ಮಾಡಿ ಅವನ ಎದೆ ಒರೆಸತೊಡಗಿದಳು. ಒರೆಸಿದಷ್ಟೂ ಬಿಳುಪು ಹರಡಿತು.

"ಬಿಡು, ಸಾಕು," ಎಂದ.

ಅವಳು ಬಿಡಲಿಲ್ಲ.