ಮನೆಯವರೊಬ್ಬರು ಇರಲಿ

ಕುಮಟೆಯಿಂದ ಹೊನ್ನಾವರದ ಕಾಲೇಜಿಗೆ ಪಾಠ ಮಾಡಲು ಹೋಗುವ ನಾನು, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಹಳದೀಪುರ ದಾಟುವವರೆಗೂ ಬಸ್ಸಿನಲ್ಲಿ ಬೆವರುವವನು. ಇಂಥವನ ಕೈಗೇ ಕಾಲೇಜಿನ ವೈಫೈ ಉಸ್ತುವಾರಿ ಬಂತು. ಯಾರು ಯಾವಾಗ ಏನು ಬಳಸಿದರೆಂಬ ದಾಖಲೆ ಇಡಬೇಕು, ಪೊಲೀಸರು ಕೇಳಿದರೆ ಕೊಡಬೇಕು; ಕಾನೂನು. ನಾನೋ ಕೇಳುವ ಮೊದಲೇ ಕೊಡುವ ಪೈಕಿ.

ಕೇಳಿದ್ದು ಭಟ್ಕಳದ ಒಬ್ಬ ಹುಡುಗಿಯ ಬಗ್ಗೆ. ಬಿ.ಎಸ್ಸಿ. ಕೊನೆಯ ವರ್ಷ. ಊಟದ ಬಿಡುವಿನಲ್ಲಿ ಅವಳ ಫೋನು ಗುರುತು ಮರೆಸುವ ವಿಪಿಎನ್ ಆ್ಯಪ್ ಹಾಕಿಕೊಳ್ಳುತ್ತಿತ್ತು. ದುಬೈಗೆ ವಾಟ್ಸಾಪ್ ಕಾಲ್ ಹತ್ತುವುದಿಲ್ಲ. ಅಲ್ಲಿ ದುಡಿಯುವ ಅಪ್ಪಂದಿರ ದನಿ ಕೇಳಬೇಕೆಂದರೆ ಎರಡೂ ಕಡೆ ವಿಪಿಎನ್ ಹಾಕಿಕೊಳ್ಳುವುದು ಭಟ್ಕಳದ ಮನೆಗಳ ರೂಢಿ. ಪೊಲೀಸರ ಕಣ್ಣಿಗೆ ಅದು ಬೇರೆಯೇ ಕಂಡಿತು.

"ಹೆಣ್ಣುಮಗು ಸರ್, ವಿಚಾರಣೆಗೆ ಮನೆಯವರೊಬ್ಬರು ಇರಲಿ" ಎಂದು ಪ್ರಿನ್ಸಿಪಾಲರ ಮುಂದೆ ಹಠ ಹಿಡಿದವನು ನಾನು. ಅಪ್ಪ ದುಬೈಯಲ್ಲಿ, ದೊಡ್ಡಪ್ಪನನ್ನು ಕರೆಸಿದರು.

ಹುಡುಗಿ ವರಾಂಡದಲ್ಲಿ ನನ್ನನ್ನು ತಡೆದಳು. "ಫೋನ್ ಪೊಲೀಸ್ರು ನೋಡ್ಲಿ ಸರ್. ದೊಡ್ಡಪ್ಪ ಮಾತ್ರ ಬೇಡ."

"ಎಂತ ಹೆದರಿಕೆ? ನಾನಿದ್ದೇನಲ್ಲ" ಎಂದೆ. ಆ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

ಪ್ರಿನ್ಸಿಪಾಲರ ಕೋಣೆಗೆ ಬಂದಿದ್ದ ಇನ್ಸ್‌ಪೆಕ್ಟರು ಸಭ್ಯರೇ. "ಲಾಕ್ ತೆಗಿ ತಂಗಿ" ಎಂದರು. ಫೋಟೋಗಳನ್ನು ಹುಣಸೆಬೀಜ ಎಣಿಸುವವರಂತೆ ಸರಿಸಿದರು. ಅಪ್ಪನ ಧ್ವನಿಸಂದೇಶವೊಂದು ಸಿಕ್ಕಿತು, ಜೋರಾಗಿಯೇ ಹಾಕಿದರು.

"ಇದೆಂತ ಭಾಷೆ?"

"ನವಾಯತಿ. ನಮ್ಮ ಭಟ್ಕಳದ ಮುಸ್ಲಿಮರ ಮನೆಮಾತು" ಎಂದಳು.

"ಮಾಸ್ತರರೇ, ನಿಮ್ಮ ಮನೆಮಾತು ಕೊಂಕಣಿಯಲ್ಲವಾ? ಹೆಚ್ಚುಕಡಿಮೆ ಅದೇ. ಹೇಳಿ ನೋಡುವಾ."

ಹೇಳಿದೆ. ಕ್ಲಾಸಿನಲ್ಲಿ ಹೇಳುವ ಹಾಗೆ ಸ್ಪಷ್ಟವಾಗಿ: "ನನ್ನ ಕೆಲಸ ಹೋಯ್ತು ಮಗಳೇ. ನಿನ್ನ ಅಮ್ಮನಿಗೂ ಹೇಳಬೇಡ. ಅಣ್ಣನಿಗಂತೂ ಬೇಡವೇ ಬೇಡ. ಗೊತ್ತಾದರೆ ಕಾಲೇಜು ಬಿಡಿಸಿ ನಿನ್ನ ಮದುವೆ ಮಾಡಿಬಿಡುತ್ತಾನೆ. ಪರೀಕ್ಷೆ ಮುಗಿಯಲಿ, ಅಲ್ಲಿವರೆಗೆ ಸುಮ್ಮನಿರು."

"ಅಣ್ಣ ಅಂದ್ರೆ ಯಾರು?"

ದೊಡ್ಡಪ್ಪನಿಗೆ ನನ್ನ ಅನುವಾದ ಬೇಕಿರಲಿಲ್ಲ. ಅವರು ಆಗಲೇ ಕನ್ನಡಕ ತೆಗೆದು ಒರೆಸುತ್ತಿದ್ದರು. "ನಾನೇ" ಎಂದರು.

"ಆತು, ಎಂತದೂ ಇಲ್ಲ." ಇನ್ಸ್‌ಪೆಕ್ಟರು ಫೋನು ವಾಪಸು ಕೊಟ್ಟರು. "ನೋಡು ತಂಗಿ, ತಪ್ಪು ಮಾಡದವರಿಗೆ ಎಂತ ಆಗೂದಿಲ್ಲ. ಚೆನ್ನಾಗಿ ಓದು."

ಪ್ರಿನ್ಸಿಪಾಲರು ಖುಷಿಯಿಂದ ಚಾ ತರಿಸಿದರು. ದೊಡ್ಡಪ್ಪ ಪೂರ್ತಿ ಕುಡಿದು, ಕಪ್ಪನ್ನು ಸದ್ದಾಗದಂತೆ ಇಟ್ಟರು.

"ಟಿ.ಸಿ. ಇವತ್ತೇ ಸಿಗ್ತದಾ ಸರ್? ಮತ್ತೊಮ್ಮೆ ಬರೂದು ತ್ರಾಸು."

ಹುಡುಗಿ ಅವರತ್ತ ನೋಡಲಿಲ್ಲ, ನನ್ನತ್ತ ನೋಡಿದಳು. ನಾನು ಗೋಡೆಯ ಸ್ವಿಚ್ಚುಗಳನ್ನು ನೋಡಿದೆ.

ಟಿ.ಸಿ. ಅವತ್ತೇ ಸಿಕ್ಕಿತು. ವೈಫೈಯಿಂದ ಅವಳ ನಂಬರು ತೆಗೆಯುವುದು ನನ್ನ ಕೆಲಸ, ತೆಗೆದೆ. ಅವಳು ಅಪ್ಪನೊಂದಿಗೆ ಯಾವಾಗ, ಎಷ್ಟು ಹೊತ್ತು ಮಾತಾಡಿದಳೆಂಬುದು ಮಾತ್ರ ಕಾನೂನಿನಂತೆ ಇನ್ನೂ ನನ್ನ ಬಳಿ ಇದೆ. ಎಲ್ಲಿ ಅಳಿಸಿಹೋದೀತೋ ಎಂಬ ಚಿಂತೆಗೆ ಪೆನ್‌ಡ್ರೈವಿನಲ್ಲೂ ಒಂದು ಕಾಪಿ ಇಟ್ಟಿದ್ದೇನೆ.