ಅಂಚಿನಲ್ಲಿದ್ದ ಕೈ

ದೇಶದ ರಾಜಧಾನಿಯಲ್ಲಿ, ಸರೋಜಿನಿ ನಗರದ ಹಳೆಯ ಸರ್ಕಾರಿ ಕ್ವಾರ್ಟರ್ಸ್ ಕೆಡವುವ ಮೊದಲು, ಅಲ್ಲಿದ್ದ ಕನ್ನಡ ಕುಟುಂಬಗಳ ಫೋಟೋಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಉಳಿಸುವ ಕೆಲಸವನ್ನು ನಾವು ಕೆಲವರು ಹಚ್ಚಿಕೊಂಡೆವು. ನನ್ನ ಪಾಲಿಗೆ ಬಂದದ್ದು ಅಂಚು ಸರಿಪಡಿಸುವುದು, ಕೆಳಗೊಂದು ವಿವರಣೆ ಬರೆಯುವುದು. ಜಾಗ ಉಳಿಯಲೆಂದು ಸರಿಪಡಿಸಿದ ಪ್ರತಿಯನ್ನಷ್ಟೇ ಇಟ್ಟುಕೊಳ್ಳುತ್ತಿದ್ದೆ.

ಹಿಂದಿನ ಬ್ಲಾಕಿನ ಆಂಟಿ ಕೊಟ್ಟ ಒಂದು ಹಳೆಯ ಫೋಟೋದಲ್ಲಿ ಅವರ ಎರಡು ವರ್ಷದ ಮಗಳು ಅಂಗಳದಲ್ಲಿ ನಿಂತಿದ್ದಳು. ಎಡಬದಿ ತೇವದಿಂದ ಕಂದಿತ್ತು. ಆ ಬದಿಯಿಂದ ಯಾರದೋ ಕೈ ಒಳಗೆ ಚಾಚಿತ್ತು. ಕಂದಿದ ಭಾಗವನ್ನು ಕತ್ತರಿಸಿದೆ. ಫ್ರಾಕಿನ ಮೇಲೆ ಉಳಿದ ಬೆರಳುಗಳನ್ನು ಅಳಿಸಿದೆ. ‘ತನ್ನ ಕಾಲ ಮೇಲೆ ನಿಂತ ಮೊದಲ ದಿನಗಳು’ ಎಂದು ಬರೆದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಫೋಟೋವನ್ನು ಹಿಂದಿರುಗಿಸಿದೆ.

ಕಳೆದ ಚಳಿಗಾಲದಲ್ಲಿ ಆಂಟಿ ವಸಂತ್ ಕುಂಜಿನ ತಮ್ಮ ಮನೆಗೆ ಕರೆಸಿದರು. ಅಂಕಲ್ ತೀರಿಕೊಂಡು ಆರು ತಿಂಗಳಾಗಿತ್ತು. ಮನೆ ಬದಲಿಸುವಾಗ ಆಲ್ಬಂ ಕಳೆದುಹೋಗಿತ್ತು. ಲ್ಯಾಪ್‌ಟಾಪಿನಲ್ಲಿ ಫೋಟೋ ತೆರೆದು ತೋರಿಸಿದೆ.

“ನಮ್ಮನೆಯವರ ಕೈ ಎಲ್ಲಮ್ಮ?”

ನಾನು ಬಾಯಿ ತೆರೆಯುವ ಮೊದಲೇ ಅವರು ಕೆಳಗಿನ ಸಾಲನ್ನು ಓದಿಕೊಂಡರು.

“ಅವಳು ತಾನಾಗಿ ಒಂದು ದಿನಾನೂ ನಿಲ್ಲಲಿಲ್ಲ. ಇವರು ಹಿಡ್ಕೊಂಡಿದ್ದಕ್ಕೆ ನಿಂತಿದಾಳೆ. ಮೂರು ತುಂಬೋ ಮುಂಚೆನೇ ಹೋಗ್ಬಿಟ್ಟಳು. ಇಬ್ಬರೂ ಒಟ್ಟಿಗಿರೋ ಫೋಟೋ ಇದೊಂದೇ.”

ನಾನು ಮಾಡಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಾಲೇಜಿಗೆ ಹೋಗುವ ಅವರ ಮಗನ ಮಗಳು, “ಅಜ್ಜಿ, ಟೆನ್ಶನ್ ಮತ್ ಲೋ, ಎಐ ಕೈ ಹಾಕಿ ಕೊಡತ್ತೆ,” ಎಂದು ಫೋನಿನಲ್ಲೇ ಒಂದು ಕೈ ಕೂರಿಸಿ ತೋರಿಸಿದಳು. ಚೊಕ್ಕವಾಗಿತ್ತು. ಆಂಟಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಅಚ್ಛಾ. ಇದ್ಯಾರ ಕೈ ಪುಟ್ಟಿ? ಮೇಲಿನ ಮನೆ ಡಾಕ್ಟರದ್ದಾ?”

ಮೊಮ್ಮಗಳು ನಕ್ಕಳು. ಆಂಟಿಯೂ ತುಸು ನಕ್ಕು, “ತೆಗೆದ್ಹಾಕು,” ಎಂದರು.

ನಾನು ಹಳೆಯ ಸಾಲನ್ನು ಅಳಿಸಿ, ಹೊಸದನ್ನು ಬರೆದು, ಗಟ್ಟಿಯಾಗಿ ಓದಿದೆ: ‘ಮಗುವನ್ನು ತಂದೆ ಹಿಡಿದುಕೊಂಡಿದ್ದರು. ಫೋಟೋ ಸರಿಪಡಿಸಿದವಳು ಅವರ ಕೈಯನ್ನು ಅಳಿಸಿದ್ದಾಳೆ. ಮೂಲ ಫೋಟೋ ಈಗಿಲ್ಲ.’

“ಕೈಯಲ್ಲಿ ವಾಚ್ ಇತ್ತಾ? ಮದುವೇಲಿ ನಮ್ಮಪ್ಪ ಕೊಟ್ಟಿದ್ದು, ಬಿಚ್ತಾನೇ ಇರಲಿಲ್ಲ. ಕೊನೇಲಿ ಸರಿಯಾಗಿ ನೋಡಿದವಳು ನೀನೇ.”

ಕಣ್ಣು ಮುಚ್ಚಿ ನೆನೆಯಲು ನೋಡಿದೆ. ಕಂದಿದ ಬದಿ ಕಂಡಿತು, ಕೈ ಕಂಡಿತು, ಮಣಿಕಟ್ಟು ಕಾಣಲಿಲ್ಲ. ಇತ್ತು ಎಂದಿದ್ದರೆ ಅವರು ನಂಬುತ್ತಿದ್ದರು.

“ನೆನಪಿಲ್ಲ ಆಂಟಿ.”

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಅದನ್ನೂ ಬರಿ,” ಎಂದರು.