ಉಳ್ಳಾಗಡ್ಡಿ ನಡಿಯಂಗಿಲ್ಲ

ದವಾಖಾನೆಯ ಮಂದಿಗಾಗಿ ದೇಶವೆಲ್ಲ ತಾಟು ಬಡಿದ ಆ ಸಂಜೆ, ಸಾಂಗಲಿಯ ಒಂದು ಗಲ್ಲಿಯ ಜನ ಸುಮ್ಮನೆ ಆಕಾಶ ನೋಡಿ ಬಡಿಯಲಿಲ್ಲ. ಎಲ್ಲರೂ ಭೂಪಾಲ ಮಗದುಮನ ಬಾಗಿಲ ಕಡೆ ತಿರುಗಿ ನಿಂತು ಬಡಿದರು. ಗಲ್ಲಿಗೆಲ್ಲ ದವಾಖಾನೆಯ ನೌಕರ ಅಂತಿದ್ದವನು ಅವನೊಬ್ಬನೇ. ಎದುರು ಮನೆಯ ಮಂಗೇಶ ತನ್ನವ್ವನ ಹಿತ್ತಾಳೆ ಪರಾತವನ್ನೇ ಎತ್ತಿಕೊಂಡು ಬಂದಿದ್ದ. ಭೂಪಾಲ ಹೊಸ್ತಿಲ ಮೇಲೆ ಕೈಮುಗಿದು ನಿಂತ. ಹಿಂದೆ ಹೆಂಡತಿ ಜಿನಮತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೆಲ ಬಿರಿದು ತನ್ನನ್ನು ನುಂಗಿಬಿಡಬಾರದೇ ಅನ್ನಿಸಿತು ಅವನಿಗೆ. ಯಾಕೆಂದರೆ ಭೂಪಾಲ ಯಾವ ದವಾಖಾನೆಯ ನೌಕರನೂ ಆಗಿರಲಿಲ್ಲ.

ಹಾಗಂತ ಅವನು ಯಾರಿಗೂ ಸುಳ್ಳು ಹೇಳಿರಲಿಲ್ಲ. ಕನಿಷ್ಠ ತನಗೆ ತಾನು ಹಾಗೆ ಹೇಳಿಕೊಳ್ಳುತ್ತಿದ್ದ. ಏನು ಮಾಡುತ್ತೀರಿ ಎಂದು ಕೇಳಿದವರಿಗೆ "ಮಿರಜದಾಗ, ದವಾಖಾನ್ಯಾಗ ಇರತೇನಿ" ಅನ್ನುತ್ತಿದ್ದ. ಇರುತ್ತಿದ್ದುದು ಖರೆ. ಬೆಳಗಾವಿ ಕಡೆಯ ಗಾಡಿ ಮಿರಜ ಜಂಕ್ಷನ್ನಿಗೆ ಬರುವ ಹೊತ್ತಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಿಸೆಗೆ ಪೆನ್ನು ಸಿಕ್ಕಿಸಿ, ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಿರುತ್ತಿದ್ದ. ಗೋಕಾಕ, ರಾಯಬಾಗ, ಜಮಖಂಡಿ ಕಡೆಯಿಂದ ರೋಗಿಗಳು ಇಳಿಯುತ್ತಿದ್ದರು. ಅವರಿಗೆ ಮರಾಠಿ ಬಾರದು, ಡಾಕ್ಟರಿಗೆ ಕನ್ನಡ ಬಾರದು. ನಡುವೆ ಭೂಪಾಲ. ಕಂಬಳಿ ಹೊದ್ದ ಮುದುಕ "ಜೀವ ಕಸಿವಿಸಿ ಆಗತೈತ್ರಿ" ಅಂದರೆ ಅದನ್ನು ಡಾಕ್ಟರಿಗೆ ತಿಳಿಯುವ ಮರಾಠಿಯಲ್ಲಿ ಹೇಳುವುದು, ಡಾಕ್ಟರು ಹೇಳಿದ್ದನ್ನು ಮುದುಕನಿಗೆ ಎದೆ ಒಡೆಯದ ಹಾಗೆ ಕನ್ನಡದಲ್ಲಿ ಹೇಳುವುದು, ಇದು ಅವನ ಕಸುಬು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಒಂದು ಅಕ್ಷರ ಬಿಟ್ಟವನಲ್ಲ, ಒಂದು ಅಕ್ಷರ ಸೇರಿಸಿದವನಲ್ಲ. ಅದೊಂದು ಹೆಮ್ಮೆ ಅವನಿಗಿತ್ತು, ಮತ್ತು ಅದು ನ್ಯಾಯವಾದ ಹೆಮ್ಮೆಯೇ.

ಪಗಾರ ಅಂತ ಯಾರೂ ಕೊಡುತ್ತಿರಲಿಲ್ಲ. ರೋಗಿಯ ಕಡೆಯವರು ಕೊಟ್ಟದ್ದೇ ಆ ದಿನದ ದುಡಿಮೆ. ಲಾಡ್ಜಿನವನು, ಎಕ್ಸ್‌ರೇ ತೆಗೆಯುವವನು ಕೈಯೊಳಗೆ ರೋಗಿಯನ್ನು ತಂದದ್ದಕ್ಕೆ ಇಡುತ್ತಿದ್ದ ಚೂರುಪಾರಿನ ಮಾತು ಅವನು ಮನೆಯಲ್ಲಿ ಎತ್ತಿದವನೇ ಅಲ್ಲ. ಬಿಳಿ ಅಂಗಿ ನೋಡಿದ ಗಲ್ಲಿಯವರು ಅವನನ್ನು ಸಾಹೇಬನನ್ನಾಗಿ ಮಾಡಿದರು, ಅವನು ಬೇಡ ಅನ್ನಲಿಲ್ಲ. ಜಿನಮತಿಯೂ ನಂಬಿದಳು. ಮಗಳು ಹರ್ಷದಾಳ ಲಗ್ನ ಕುದುರಿದ್ದು ಕೂಡ "ಹುಡುಗಿಯ ಅಪ್ಪ ದವಾಖಾನೆಯಲ್ಲಿ ಕಾಯಂ ಇದ್ದಾರೆ" ಅನ್ನುವ ಮಾತಿನ ಮೇಲೆಯೇ.

ಲಾಕ್‌ಡೌನಿಗೆ ಗಾಡಿ ನಿಂತವು. ಕಾಗವಾಡದ ಹತ್ತಿರ ಕರ್ನಾಟಕದ ಗಡಿ ಬಂದ್ ಆಯಿತು. ಊರ ತುಂಬ ಬೇನೆ, ಹಗಲೆಲ್ಲ ಆಂಬ್ಯುಲೆನ್ಸಿನ ಕೂಗು, ಭೂಪಾಲನಿಗೆ ಮಾತ್ರ ಒಬ್ಬ ರೋಗಿಯೂ ಇಲ್ಲ. ಬಂದ ರೋಗಿಗಳ ಹತ್ತಿರ ಹೆತ್ತ ಮಕ್ಕಳನ್ನೇ ಬಿಡದ ಮೇಲೆ ಮಾತು ಮುಟ್ಟಿಸುವವನನ್ನು ಯಾರು ಬಿಟ್ಟಾರು? ಗಲ್ಲಿಯ ಉಳಿದ ಗಂಡಸರು ಬರೀ ಬನಿಯನ್ನಿನಲ್ಲಿ ಕುಳಿತು ಇಸ್ಪೀಟು ಆಡಿದರು. ತಾಟು ಬಡಿಸಿಕೊಂಡವನಿಗೆ ಆ ಭಾಗ್ಯವೂ ಇರಲಿಲ್ಲ. ದಿನಾ ಬಿಳಿ ಅಂಗಿ ತೊಟ್ಟು, ಊಟದ ಡಬ್ಬಿ ಕಟ್ಟಿಸಿಕೊಂಡು, ಸೈಕಲ್ ಹತ್ತಿ ಮಿರಜಕ್ಕೆ ಹೊರಡಬೇಕು. ಸ್ಟೇಷನ್ನಿನ ಎದುರು ಬೀಗ ಜಡಿದ ಲಾಡ್ಜಿನ ಮೆಟ್ಟಿಲ ಮೇಲೆ ಕುಳಿತು, ಡಬ್ಬಿ ಉಂಡು, ಬಿಸಿಲು ಇಳಿದ ಮೇಲೆ ದಣಿದವರ ಹಾಗೆ ಮುಖ ಮಾಡಿಕೊಂಡು ಬರಬೇಕು. ಹತ್ತಿರದ ಹಳ್ಳಿ ಕಸಬೆ ಡಿಗ್ರಜದಿಂದ ತಮ್ಮ ಸಂಮೇದ ಫೋನು ಮಾಡಿ, "ಅಣ್ಣಾ, ಕಬ್ಬಿನಾಗ ಕಸಾ ಬೆಳದೇತಿ, ಆಳ ಸಿಗವಲ್ಲರು. ನಾಕ ದಿವಸ ಬರತೀ ಏನ? ಕಾಳು ಕಡಿ ಹೆಂಗೂ ಮನ್ಯಾಗ ಅದಾವು" ಅಂದ. "ಡ್ಯೂಟಿ ಬಿಟ್ಟು ಹೆಂಗ ಬರಲೋ" ಅಂದ ಭೂಪಾಲ. ಅಂದಮೇಲೆ ಫೋನನ್ನು ಕಿಸೆಗೆ ಹಾಕಿಕೊಂಡು ಆ ಮೆಟ್ಟಿಲ ಮೇಲೆಯೇ ಡಬ್ಬಿ ಬಿಚ್ಚಿದ.

ಮನೆಯಲ್ಲಿ ಮೊದಲು ಹಾಲು ಅರ್ಧಕ್ಕಿಳಿಯಿತು, ಗೌಳಿ ಸರಿಯಾಗಿ ಬರುತ್ತಿಲ್ಲ ಅಂದ. ಕೈಬೆರಳಿನ ಉಂಗುರ ಹೋಯಿತು, ಡ್ಯೂಟಿಯಲ್ಲಿ ಉಂಗುರ ಹಾಕಬಾರದಂತೆ ಅಂದ. ಪಗಾರ ತಡವಾಗಿದೆ ಅಂದ. ಜಿನಮತಿ ಎಲ್ಲಕ್ಕೂ ತಲೆಯಾಡಿಸಿದಳು. ಕೊನೆಗೆ ಅಕ್ಕಿಯ ಡಬ್ಬಿಯ ತಳ ಕಂಡಿತು. ತಡವಾದ ಪಗಾರವನ್ನು ಬೇಯಿಸಿ ಹಾಕುವುದು ಹೇಗೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನು ಅಂದೇ ಎಲ್ಲ ಹೇಳಿಬಿಡುತ್ತಿದ್ದನೋ ಏನೋ.

ಮಾರನೆಯ ದಿನ ಅವನ ಸೈಕಲ್ಲು ಮಿರಜದ ದಾರಿ ಬಿಟ್ಟು ಕುಪವಾಡದ ಕಡೆ ತಿರುಗಿತು. ಕರ್ನಾಟಕದಿಂದ ಬಂದು ಸಿಕ್ಕಿಬಿದ್ದ ಮಜೂರರಿಗೆ ಅಲ್ಲಿ ಒಂದು ಶಾಲೆಯ ಅಂಗಳದಲ್ಲಿ ಧಾನ್ಯದ ಚೀಲ ಹಂಚುತ್ತಿದ್ದರು. ದಾರಿಯಲ್ಲಿ ಒಂದು ಮರದ ಮರೆಗೆ ನಿಂತು ಬಿಳಿ ಅಂಗಿ ಕಳಚಿ ಡಬ್ಬಿಯ ಚೀಲಕ್ಕೆ ತುರುಕಿದ, ಹಳೆಯದೊಂದು ತೊಟ್ಟ. ಮುಖಕ್ಕೆ ಹೇಗೂ ಮಾಸ್ಕಿತ್ತು. ಇಡೀ ದೇಶ ಬೈಯುತ್ತ ಕಟ್ಟಿಕೊಂಡ ಆ ಬಟ್ಟೆಯನ್ನು ಮನಸಾರೆ ಹರಸಿದವನು ಬಹುಶಃ ಭೂಪಾಲ ಒಬ್ಬನೇ.

ಮೇಜಿನ ಹಿಂದೆ ಕಾಜಲ ಎಂಬ ಹುಡುಗಿ ಹೆಸರು, ಊರು ಕೇಳುತ್ತಿದ್ದಳು. ಮನೆಗೊಂದೇ ಚೀಲ. ಭೂಪಾಲ ಮಾತು ಕನ್ನಡದಲ್ಲೇ ಆಡಬೇಕೆಂದು ಯೋಚಿಸಿಕೊಂಡು ಬಂದಿದ್ದ, ಹೆಸರು ಯೋಚಿಸಿರಲಿಲ್ಲ. "ಮಾರೆಪ್ಪ. ಐನಾಪುರ" ಎಂದು ಬಾಯಿಗೆ ಬಂದುಬಿಟ್ಟಿತು. ಗಲ್ಲಿಯ ಹಿಂದೆ ಕಟ್ಟಡ ಕೆಲಸದ ತಗಡಿನ ಶೆಡ್ಡಿನಲ್ಲಿ ಇರುವವನು ಮಾರೆಪ್ಪ. ಹಿಂದೊಮ್ಮೆ ಮೇಲಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಅವನನ್ನು ಮಿರಜಕ್ಕೆ ಕರೆದೊಯ್ದು, ಕಿಟಕಿ ಕಿಟಕಿಗೂ "ಮಾರೆಪ್ಪ, ಐನಾಪುರ" ಎಂದು ಹೇಳಿಕೊಂಡು ತಿರುಗಿದವನು ಭೂಪಾಲನೇ. ಆಗ ಸೆರಗಿನ ಗಂಟು ಬಿಚ್ಚಿ ಅವನ ಕೂಲಿ ಕೊಟ್ಟವಳು ಮಾರೆಪ್ಪನ ಹೆಂಡತಿ ಕೆಂಪವ್ವ. ಎಕ್ಸ್‌ರೇಯವನು ಕೊಟ್ಟದ್ದು ಬೇರೆ. ಅದು ಕೆಂಪವ್ವನಿಗೆ ಗೊತ್ತಿರಲಿಲ್ಲ.

ಚೀಲ ಕೊಡುತ್ತಿದ್ದವನು ಅಭಿಜಿತ ಎಂಬ ತರುಣ. ಬಾಯಿ ಬಿಚ್ಚಿದ ಚೀಲವನ್ನು ಭೂಪಾಲನ ಮುಂದೆ ಹಿಡಿದ. ಅಕ್ಕಿ, ಹಿಟ್ಟು, ಎಣ್ಣೆ, ಬೇಳೆ, ಮೇಲೆ ಉಳ್ಳಾಗಡ್ಡಿ, ಬಟಾಟೆ. ಭೂಪಾಲನ ಕಣ್ಣು ಅಲ್ಲಿ ಬಿದ್ದದ್ದೇ ತಡ, ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತು ತಾನಾಗಿಯೇ ಹೊರಬಿತ್ತು.

"ಉಳ್ಳಾಗಡ್ಡಿ, ಬಟಾಟಿ ತಗೀರಿ. ನಮ್ಮಲ್ಲಿ ನಡಿಯಂಗಿಲ್ಲ."

ಅಭಿಜಿತನ ಕೈ ಅಲ್ಲೇ ನಿಂತಿತು. ನೆಲದೊಳಗೆ ಬೆಳೆದದ್ದು ನಮ್ಮಲ್ಲಿ ನಡೆಯುವುದಿಲ್ಲ ಎಂದು ಧಾನ್ಯದ ಸಾಲಿನಲ್ಲಿ ನಿಂತು ಹೇಳುವ ಮಾರೆಪ್ಪ ಆ ಸೀಮೆಯಲ್ಲಿ ಎಲ್ಲಿಯೂ ಇರಲಿಕ್ಕಿಲ್ಲ. ಆ ಮಾತು ಜೈನರ ಮನೆಯದು ಎಂದು ಅಭಿಜಿತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವನ ಅಜ್ಜಿಯೂ ಅದನ್ನೇ ಅನ್ನುತ್ತಿದ್ದಳು. ಅವನು ಮಾಸ್ಕಿನ ಮೇಲಿನ ಕಣ್ಣುಗಳನ್ನು ಒಮ್ಮೆ ನೋಡಿದ. ಉಳ್ಳಾಗಡ್ಡಿ, ಬಟಾಟೆ ತೆಗೆದು ಪಕ್ಕಕ್ಕಿಟ್ಟ, ಅವುಗಳ ಜಾಗಕ್ಕೆ ಹೆಸರುಬೇಳೆ ಹಾಕಿದ. ಚೀಲ ಕೈಗಿಡುವಾಗ ಯಾರಿಗೂ ಕೇಳದಷ್ಟು ಮೆಲ್ಲಗೆ "ಜೈ ಜಿನೇಂದ್ರ, ಕಾಕಾ" ಅಂದ.

ಆ ಮಾತಿಗೆ ತಿರುಗಿ ಜೈ ಜಿನೇಂದ್ರ ಅನ್ನದೆ ಭೂಪಾಲ ಜನ್ಮದಲ್ಲಿ ಇದ್ದವನಲ್ಲ. ಅವತ್ತು ಅನ್ನಲಿಲ್ಲ. ಬೈದಿದ್ದರೆ, ಚೀಲ ಕಿತ್ತುಕೊಂಡಿದ್ದರೆ ತಡೆದುಕೊಳ್ಳುತ್ತಿದ್ದ. ಆ ಹುಡುಗನ ಮರ್ಯಾದೆಯನ್ನು ತಡೆದುಕೊಳ್ಳುವುದು ಅವನಿಂದಾಗಲಿಲ್ಲ. ತಲೆ ತಗ್ಗಿಸಿ ಸೈಕಲ್ಲಿನ ಕಡೆ ನಡೆದ.

ಚೀಲವನ್ನು ಕ್ಯಾರಿಯರ್‌ಗೆ ಬಿಗಿಯುತ್ತಿರುವಾಗ ಹಿಂದಿನಿಂದ ಕಾಜಲಳ ಮರಾಠಿ ಕೇಳಿಸಿತು. "ಮಾರೆಪ್ಪ, ಐನಾಪುರ? ಆತಾಚ ನೇಲಂ ಕೀ." ಈಗಷ್ಟೇ ಒಯ್ದಿದ್ದಾನಲ್ಲ, ಮನೆಗೊಂದೇ ಚೀಲ ಎಂದು ಅವಳು ಯಾರಿಗೋ ಹೇಳುತ್ತಿದ್ದಳು. ಭೂಪಾಲ ತಿರುಗಿ ನೋಡಿದ. ಮೇಜಿನ ಮುಂದೆ ಕೆಂಪವ್ವ ನಿಂತಿದ್ದಳು. ಸಾಲಿನಲ್ಲಿ ಅವನ ಹಿಂದೆಯೇ ಎಲ್ಲೋ ನಿಂತಿರಬೇಕು.

ಹೋಗಿ ಹೇಳಬೇಕು. ಮಾಸ್ಕು ತೆಗೆದು, ಮಾರೆಪ್ಪ ನಾನಲ್ಲ, ಆ ಚೀಲ ಇವಳದು ಅನ್ನಬೇಕು. ಮಾತು ಮುಟ್ಟಿಸುವುದೇ ಕಸುಬಾದವನಿಗೆ ಅದೇನು ದೊಡ್ಡ ಮಾತೇ? ಆದರೆ ಕೆಂಪವ್ವನಿಗೆ ತಿಳಿದರೆ ಗಲ್ಲಿಗೆ ತಿಳಿದ ಹಾಗೆ, ಗಲ್ಲಿಗೆ ತಿಳಿದರೆ ಜಿನಮತಿಗೆ ತಿಳಿದ ಹಾಗೆ. ಕೊಡುವ ಮನೆ ನಮ್ಮದು ಎಂದು ಎದೆಯುಬ್ಬಿಸಿ ಬದುಕಿದವಳು ಬೇರೆಯವರ ಬಾಯಿಯಿಂದ ಕಿತ್ತ ಅನ್ನ ಉಂಡೆನೆಂದು ತಿಳಿದು ಹೇಗೆ ಬದುಕುತ್ತಾಳೆ? ಭೂಪಾಲ ಸೈಕಲ್ ಹತ್ತಿದ. ಆಮೇಲೆ ಏನಾಯಿತೆಂದು ನೋಡಲೂ ಇಲ್ಲ. ಕಳ್ಳನೂ ಇಷ್ಟು ಅವಸರ ಮಾಡಲಿಕ್ಕಿಲ್ಲ.

"ದವಾಖಾನಿಯವರು ಕೊಟ್ಟಾರ" ಎಂದು, ದಾರಿಯಲ್ಲಿ ಮತ್ತೆ ಬಿಳಿ ಅಂಗಿ ತೊಟ್ಟು ಬಂದ ಭೂಪಾಲ ಚೀಲವನ್ನು ಅಡಿಗೆಮನೆಯಲ್ಲಿ ಇಳಿಸಿದ. ಜಿನಮತಿಯ ಮುಖ ಅರಳಿತು.

"ಆ ಮಂದಿ ಛಲೋರಿ. ಪಗಾರ ತಡಾ ಆದ್ರೂ ಕೈ ಬಿಟ್ಟಿಲ್ಲ" ಅಂದಳು. ಚೀಲದೊಳಗೆ ಉಳ್ಳಾಗಡ್ಡಿ ಇಲ್ಲದ್ದನ್ನು ನೋಡಿ, "ನಮ್ಮ ಪದ್ಧತಿನೂ ತಿಳಕೊಂಡಾರ" ಎಂದು ಇನ್ನಷ್ಟು ಸಂತೋಷಪಟ್ಟಳು. ಆಮೇಲೆ ಎಂದಿನಂತೆ ಮಾಡಿದಳು. ಮನೆಗೆ ಯಾವ ಧಾನ್ಯ ಬಂದರೂ ಮೊದಲ ಪಾಲು ಇಲ್ಲದವರಿಗೆ. ಒಂದು ಡಬ್ಬಿಗೆ ಅಕ್ಕಿ, ಒಂದಕ್ಕೆ ಬೇಳೆ ತುಂಬಿ ಗಂಡನ ಕೈಗಿತ್ತಳು.

"ಶೆಡ್ಡಿನ್ಯಾಗಿನ ಕೆಂಪವ್ವಗ ಕೊಟ್ಟ ಬರ್ರಿ. ಪಾಪ, ಅವರಿಗೆ ಯಾರ ಅದಾರ?"

ಭೂಪಾಲನಿಗೆ ಹೋಗುವ ಮನಸ್ಸಿರಲಿಲ್ಲ. ಆದರೂ ಹೋದ. ಶೆಡ್ಡಿನ ಮುಂದೆ ಕೆಂಪವ್ವ ಒಲೆ ಊದುತ್ತಿದ್ದಳು. ಒಳಗೆ ಕುಂಟು ಕಾಲು ಚಾಚಿ ಮಾರೆಪ್ಪ ಮಲಗಿದ್ದ. ಒಲೆಯ ಪಕ್ಕದಲ್ಲಿ ಅದೇ ತರಹದ ಚೀಲ, ಮತ್ತು ಅದರ ಪಕ್ಕ ಎರಡು ಮನೆಗಾಗುವಷ್ಟು ಉಳ್ಳಾಗಡ್ಡಿ. ಅವಳಿಗೂ ಚೀಲ ಸಿಕ್ಕಿತಲ್ಲ ಎಂದು ಭೂಪಾಲ ಉಸಿರು ಬಿಟ್ಟ.

ಅವನು ಡಬ್ಬಿ ಇಟ್ಟು ತಿರುಗಿದಾಗ ಕೆಂಪವ್ವ, ಒಳಗಿನ ಗಂಡನಿಗೆ ಕೇಳಿಸದ ಹಾಗೆ, ಒಲೆಯ ಮೇಲಿನ ಕಣ್ಣು ತೆಗೆಯದೆ ಅಂದಳು.

"ಆ ಹುಡಿಗಿಗೆ ನಾ ಹೇಳೇನ್ರಿ ಸಾಹೇಬ್ರ. ನಮ್ಮ ಐನಾಪುರದಾಗ ಮನಿಗೊಬ್ಬ ಮಾರೆಪ್ಪ ಅದಾನವ್ವಾ, ಮುಂದ ಹೋದಾಂವ ಬ್ಯಾರೆ ಮಾರೆಪ್ಪ ಅಂತ. ನಂಬಿದ್ಲು. ನೀವು ಬ್ಯಾಡಂದ ಉಳ್ಳಾಗಡ್ಡಿನೂ ಆ ಹುಡುಗ ನನಗ ಕೊಟ್ಟ."

ಹೊರಟಿದ್ದ ಭೂಪಾಲ ನಿಂತ. "ನಿನಗ ಹೆಂಗ ಗೊತ್ತಾತು?"

"ಗಂಡನ ಕಾಲು ಉಳಿತೇತಿ ಅಂತ ನನಗ ಹೇಳಿದ ದನಿ ಅದು. ಮಾರಿ ಮುಚ್ಚಿದ್ರ ಮರೀತೇನೇನ್ರಿ?" ಅಂದಳು ಕೆಂಪವ್ವ. "ಮನ್ಯಾಗ ಅಕ್ಕಾರಿಗೆ ಹೇಳಬ್ಯಾಡ್ರಿ. ಹಸದಾಗ ಎಲ್ಲಾರೂ ಒಂದ ಊರಾವ್ರ."

ಎಕ್ಸ್‌ರೇಯವನು ಕೈಯೊಳಗೆ ಇಟ್ಟದ್ದು ಭೂಪಾಲನಿಗೆ ಆ ಹೊತ್ತಿನಲ್ಲಿ ನೆನಪಾಯಿತು. ಅವಳ ಸೆರಗಿನ ಗಂಟೂ ನೆನಪಾಯಿತು. ಎದುರು ಸಿಕ್ಕಾಗಲೆಲ್ಲ ಗುರುತಿಲ್ಲದವನ ಹಾಗೆ ಸೈಕಲ್ ತುಳಿದು ಹೋದದ್ದೂ. ನಾಚಿಕೆಯಿಂದ ಅವನ ಕಿವಿ ಸುಡುತ್ತಿದ್ದವು. ಸಾಹೇಬ ಅನ್ನಬೇಡ ಎಂದೂ ಹೇಳದೆ ಮನೆಯ ಕಡೆ ನಡೆದ.

ಮನೆಗೆ ಬಂದಾಗ ಜಿನಮತಿ ಅಕ್ಕಿ ತೊಳೆಯುತ್ತಿದ್ದಳು. "ಏನಂದ್ಲು ಕೆಂಪವ್ವ?" ಎಂದು ಕೇಳಿದಳು.

ಒಳ್ಳೇದಾಗಲಿ ಅಂದಳು, ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೆಂಪವ್ವನೇ ಆ ದಾರಿ ಮಾಡಿಕೊಟ್ಟಿದ್ದಳು. ಆದರೆ ಏನಂದರು ಎಂದು ಕೇಳಿದವರಿಗೆ ಅಂದದ್ದನ್ನೇ ಹೇಳಿ ಅನ್ನ ಉಂಡವನು ಭೂಪಾಲ. ಬೇರೆಲ್ಲದರಲ್ಲಿ ಸುಳ್ಳಾಗಿದ್ದ, ಅದೊಂದರಲ್ಲಿ ಆಗಿರಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕುಳಿತ. ಬೇರೆ ಮಾರೆಪ್ಪ ಅಂದದ್ದು, ಬೇಡವೆಂದ ಉಳ್ಳಾಗಡ್ಡಿ ಕೊಟ್ಟದ್ದು, ಅಕ್ಕಾರಿಗೆ ಹೇಳಬ್ಯಾಡ್ರಿ ಅಂದದ್ದು, ಕೆಂಪವ್ವನ ಮಾತು ಒಂದೂ ಬಿಡದೆ ಹೇಳಿದ. ಜಿನಮತಿ ಅರ್ಥವಾಗದೆ ನೋಡಿದಳು. ಆಮೇಲೆ ಎಲ್ಲವನ್ನೂ ಹೇಳಿದ. ಮೆಟ್ಟಿಲು, ಡಬ್ಬಿ, ಸಂಮೇದನ ಫೋನು, ಉಂಗುರ, ಇಲ್ಲದ ಪಗಾರ, ಇಲ್ಲದ ನೌಕರಿ.

ಜಿನಮತಿ ತೊಳೆದ ಅಕ್ಕಿಯನ್ನು ಒಲೆಗೆ ಇಟ್ಟಳು. ಅನ್ನ ಬೆಂದ ಮೇಲೆ ಅವನೊಬ್ಬನಿಗೇ ತಾಟು ಹಾಕಿದಳು.

"ನಿನಗ?"

"ನಂದು ಇವತ್ತ ಉಪವಾಸ."

ಅಂದು ಅಷ್ಟಮಿಯೂ ಅಲ್ಲ, ಚತುರ್ದಶಿಯೂ ಅಲ್ಲ. ತಾಟಿನಲ್ಲಿ ಅನ್ನ ಬಿಡುವುದು ಆ ಮನೆಯಲ್ಲಿ ನಡೆಯದ ಇನ್ನೊಂದು ಸಂಗತಿ. ಮಾರೆಪ್ಪನ ಹೆಸರಿನ ಅನ್ನವನ್ನು, ಅವಳು ಉಪವಾಸ ಕುಳಿತು ನೋಡುತ್ತಿರುವಾಗ, ಭೂಪಾಲ ಕೊನೆಯ ಅಗುಳಿನವರೆಗೆ ಉಂಡ. ಅಷ್ಟು ಕಷ್ಟದ ಊಟ ಅವನು ಎಂದೂ ಉಂಡಿರಲಿಲ್ಲ.

ಬೆಳಿಗ್ಗೆ ಎದ್ದಾಗ ಬಿಳಿ ಅಂಗಿ ಹಿತ್ತಲ ತಂತಿಯ ಮೇಲೆ ಒದ್ದೆಯಾಗಿ ನೇತಾಡುತ್ತಿತ್ತು. ಗೂಟದ ಮೇಲೆ ಡಿಗ್ರಜಕ್ಕೆ ಹೋದಾಗ ತೊಡುವ ಚೌಕುಳಿ ಅಂಗಿ ಇತ್ತು.

"ಸಂಮೇದನ ಹೊಲದಾಗ ಕಸಾ ತಗಿಯಾಕ ಆಳ ಬೇಕಾಗ್ಯಾರಂತಲ್ಲ" ಅಂದಳು ಜಿನಮತಿ. "ನಡೀರಿ. ನಾನೂ ಬರತೇನಿ. ಅಲ್ಲಿಂದ ಮೊದಲ ಬರೂ ಕಾಳು ಕೆಂಪವ್ವಗ."

ಇಬ್ಬರೂ ಹೊರಬಿದ್ದರು. ಎದುರು ಮನೆಯ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ ಮಂಗೇಶ, ಚೌಕುಳಿ ಅಂಗಿ ನೋಡಿ, "ಕಾಕಾ, ಆಜ ಡ್ಯೂಟೀ ನಾಹೀ ಕಾ?" ಎಂದು ಕೇಳಿದ, ಇವತ್ತು ಡ್ಯೂಟಿ ಇಲ್ಲವೇ ಎಂದು. ಜಿನಮತಿ ನೆಲ ನೋಡುತ್ತ ನಿಂತಳು. ಗಂಡ ಹೇಳುವವರೆಗೆ ಮುಂದೆ ಹೆಜ್ಜೆ ಇಡಲಿಲ್ಲ.

"ಮಲಾ ನೌಕರೀಚ ನಾಹೀ, ಮಂಗೇಶ" ಅಂದ ಭೂಪಾಲ. "ಕಧೀಚ ನವ್ಹತೀ." ನನಗೆ ನೌಕರಿಯೇ ಇಲ್ಲ, ಎಂದೂ ಇರಲಿಲ್ಲ.

ಮಂಗೇಶ ಬಾಯಿಯ ನೊರೆ ಉಗುಳಿ ಜೋರಾಗಿ ನಕ್ಕ. ಕಾಕಾ ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡ. ಭೂಪಾಲ ಆ ಮಾತನ್ನೇ ಇನ್ನೊಮ್ಮೆ ಹೇಳಬೇಕಾಯಿತು, ಗಲ್ಲಿಗೆಲ್ಲ ಕೇಳುವ ಹಾಗೆ.